ಕೆಂಚಿಯ ಜಾಗಕ್ಕೆ ಅವಸರ ಮಾಡಬೇಡ

ಮಗಳೇ,

ನಿನ್ನ ಕೋಳಿ ಕೆಂಚಿ ಹೋದದ್ದನ್ನು ಹೇಳುವಾಗ ನಿನ್ನ ಗಂಟಲು ಕಟ್ಟಿತು, ಗೊತ್ತಾಯಿತು. ಫೋನ್ ಇಡುವ ಮುಂಚೆ, 'ಭಾನುವಾರ ಇನ್ನೊಂದು ತಂದು ಬಿಟ್ಟುಬಿಡ್ತೀನಮ್ಮ' ಅಂದೆಯಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಭಾನುವಾರ ತರಬೇಡ. ಯಾವತ್ತು ತಂದರೂ ಒಂದನ್ನೇ ತರಬೇಡ.

ಹಾಡಹಗಲು ನಡೆದದ್ದು, ಕತ್ತಿನಲ್ಲಿ ಕಚ್ಚಿದ ಗಾಯ, ಬಾಗಿಲ ಸಂದಿನಲ್ಲಿ ಪುಕ್ಕ. ಇಷ್ಟು ಕೇಳಿದರೆ ಮುಂಗುಸಿಯೇ ಇರಬೇಕು. ಪುನುಗು ಬೆಕ್ಕಾದರೆ ರಾತ್ರಿ ಬರುತ್ತದೆ. ಬೀದಿನಾಯಿ ನುಗ್ಗಿದ್ದರೆ ಜಾಲರಿ ಹರಿದಿರುತ್ತಿತ್ತು, ಒಂದೇ ಕೋಳಿಗೆ ಮುಗಿಯುತ್ತಿರಲಿಲ್ಲ. ತುರಹಳ್ಳಿ ಕಾಡಿನ ಮಗ್ಗುಲಲ್ಲಿ ಮನೆ ಇದ್ದಮೇಲೆ ಮುಂಗುಸಿ ಓಡಾಡುವುದೇ, ಒಮ್ಮೆ ಕೋಳಿ ಸಿಕ್ಕ ಜಾಗಕ್ಕೆ ಅದು ತಿರುಗಿ ಬರುವುದೇ. ವಿಷ ಇಡು, ಉರುಲು ಹಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ನಾವು ಸರಿಮಾಡಬೇಕಾದ್ದು ಗೂಡನ್ನು.

ನೀನು ಹಾಕಿಸಿರುವ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಹೊರಗಿನದು ಒಳಗೆ ಬಾರದಿರಲು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಬೇಕು. ನೆಲದಿಂದ ಮೂರು ಅಡಿ ಎತ್ತರದವರೆಗೆ ಅದನ್ನು ಸುತ್ತಿಸು. ಬುಡದಲ್ಲಿ ಇನ್ನೊಂದು ಅಡಿ ಹೆಚ್ಚಿಗೆ ಬಿಟ್ಟು, ಹೊರಮುಖವಾಗಿ ಮಡಚಿ ನೆಲದ ಮೇಲೆ ಹಾಸಿ, ಮಣ್ಣು ಮುಚ್ಚಿ, ಸೈಜುಗಲ್ಲು ಹೇರು. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕಾಲ ಕೆಳಗೆ ಜಾಲರಿ ಸಿಕ್ಕರೆ ಬಿಡುತ್ತದೆ. ಎರಡಡಿ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಮೆಶ್ ಅನ್ನು ಪಿನ್ ಹೊಡೆದು ನಿಲ್ಲಿಸಬೇಡ, ವಾಷರ್ ಹಾಕಿ ಸ್ಕ್ರೂ ಬಿಗಿಸು. ಬಾಗಿಲ ಕೆಳಗೆ ಮೂರು ಬೆರಳು ಸಂದು ಇದೆ ಅಂದೆಯಲ್ಲ, ಮುಂಗುಸಿಗೆ ಅದು ಹೆಬ್ಬಾಗಿಲು. ಹೊಸ್ತಿಲಿಗೆ ಒಂದು ಕಲ್ಲು ಕೂರಿಸು. ಇದೆಲ್ಲ ಮುಗಿಯುವವರೆಗೆ, ನೀನು ಹಿತ್ತಲಲ್ಲಿ ಇಲ್ಲದ ಹೊತ್ತಿನಲ್ಲಿ ಕೋಳಿಗಳನ್ನು ಹೊರಗೆ ಬಿಡಬೇಡ.

ಉಳಿದ ಮೂರೂ ಒಂದೆರಡು ವಾರ ಮೊಟ್ಟೆ ನಿಲ್ಲಿಸಬಹುದು. ಹೆದರಿಕೆಗೆ ಹಾಗಾಗುತ್ತದೆ. ಕೆಂಚಿ ಯಜಮಾನಿಯಾಗಿದ್ದಳು. ಅವಳು ಹೋದಮೇಲೆ ಮುಂದೆ ಯಾರು, ಹಿಂದೆ ಯಾರು ಎಂದು ಆ ಮೂರೇ ಈಗ ಕುಟುಕಾಡಿ ತೀರ್ಮಾನಿಸಿಕೊಳ್ಳುತ್ತಿರುತ್ತವೆ. ಅದರ ನಡುವೆ ಹೊಸದೊಂದನ್ನು ತಂದು ಬಿಟ್ಟರೆ ಮೂರೂ ಸೇರಿ ಅದರ ಮೇಲೆ ಬೀಳುತ್ತವೆ. ಎರಡು ತಂದರೆ ಏಟು ಹಂಚಿಹೋಗುತ್ತದೆ, ಒಂದಕ್ಕೊಂದು ಜೊತೆಯೂ ಇರುತ್ತದೆ.

ಯಾವ ತಳಿ ಅಂದರೆ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ 1989ರಿಂದ ಇದೆ, ಆಮೇಲೆ ಸ್ವರ್ಣಧಾರ ಬಂತು. ನಿನಗೆ ನಾನು ಸ್ವರ್ಣಧಾರವನ್ನೇ ಹೇಳುತ್ತೇನೆ. ಗಿರಿರಾಜಕ್ಕಿಂತ ಮೈ ಹಗುರ, ಶತ್ರು ಬಂದರೆ ತಪ್ಪಿಸಿಕೊಳ್ಳುವ ಚುರುಕು ಹೆಚ್ಚು, ಮೊಟ್ಟೆಯೂ ಜಾಸ್ತಿ. ಮೊಟ್ಟೆಗೆ ಬರುವ ಮುಂಚಿನ ಹ್ಯಾಟೆಗಳನ್ನೇ ತಾ, 16 ವಾರ ದಾಟಿರಲಿ. ಅದಕ್ಕಿಂತ ಚಿಕ್ಕವಾದರೆ ನಿನ್ನ ಕೋಳಿಗಳ ಪೆಟ್ಟು ತಾಳುವುದಿಲ್ಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅನ್ನುವುದೂ ಇದನ್ನೇ) ಆರ್‌ಟುಬಿ ಲಸಿಕೆ ಆಗಿದೆಯಾ, ಯಾವ ವಾರದಲ್ಲಿ ಆಯಿತು ಎಂದು ಕೊಡುವವರನ್ನೇ ಕೇಳು. ಆ ಲಸಿಕೆ ನೂರಾರು ಡೋಸಿನ ಸೀಸೆಯಲ್ಲಿ ಬರುತ್ತದೆ, ಕಲಸಿದ ಮೇಲೆ ಇಡಲು ಬರುವುದಿಲ್ಲ. ಎರಡು ಕೋಳಿಗಾಗಿ ನೀನು ಒಡೆಸುವುದು ಕಷ್ಟ.

ತಂದವನ್ನು ನಾಲ್ಕು ವಾರ ಬೇರೆ ಇಡು. ನಿನ್ನ ಹಿತ್ತಲು ಚಿಕ್ಕದು, ಟೆರೇಸೇ ವಾಸಿ, ಬಿಸಿಲಿಗೆ ಮರೆ ಕಟ್ಟು. ಮೊದಲು ಹಳೆಯವಕ್ಕೆ ಮೇವು ನೀರು, ಆಮೇಲೆ ಹೊಸವಕ್ಕೆ. ಈ ವರಸೆ ತಪ್ಪಬಾರದು. ಟೆರೇಸಿಗೆ ಬೇರೆ ಚಪ್ಪಲಿ, ಬೇರೆ ಬಟ್ಟಲು. ಸೀನು, ಕಣ್ಣಲ್ಲಿ ನೊರೆ, ಹಸಿರು ಹಿಕ್ಕೆ, ರಕ್ತದ ಹಿಕ್ಕೆ, ಕತ್ತು ತಿರುಚುವುದು, ಇವುಗಳಲ್ಲಿ ಒಂದು ಕಂಡರೂ ಕೆಳಗೆ ಇಳಿಸಬೇಡ, ಪಶುವೈದ್ಯರಿಗೆ ತೋರಿಸು. ರೆಕ್ಕೆಯ ಅಡಿ, ಬಾಲದ ಬುಡದ ಪುಕ್ಕ ಬಿಡಿಸಿ ಹೇನು ನೋಡು. ಪುಕ್ಕದ ಬೇರಿಗೆ ಬಿಳಿ ಗಂಟು ಕಟ್ಟಿದ್ದರೆ ಅದು ಹೇನಿನ ಮೊಟ್ಟೆ.

ಆಮೇಲೆ ಹತ್ತರಿಂದ ಹದಿನಾಲ್ಕು ದಿನ 'ನೋಡು, ಮುಟ್ಟಬೇಡ' ಅನ್ನುವ ಹಂತ. ಗೂಡಿನ ಅಂಗಳದಲ್ಲೇ ಮೆಶ್ ಅಡ್ಡ ಕಟ್ಟಿ ಹೊಸವನ್ನು ಆಚೆ ಬದಿಗೆ ಬಿಡು. ಮೇವಿನ ಬಟ್ಟಲನ್ನು ಎರಡೂ ಬದಿಯಲ್ಲಿ ಮೆಶ್ ಪಕ್ಕಕ್ಕೇ ಇಡು, ಎದುರುಬದುರು ತಿಂದು ಅಭ್ಯಾಸವಾಗಲಿ. ಕತ್ತಲಲ್ಲಿ ಹೊಸ ಕೋಳಿಯನ್ನು ಸೇರಿಸಿಬಿಟ್ಟರೆ ಬೆಳಗ್ಗೆ ಹಳೆಯವಕ್ಕೆ ತಿಳಿಯುವುದೇ ಇಲ್ಲ ಅನ್ನುತ್ತಾರೆ, ನಂಬಬೇಡ. ಕೋಳಿಗೆ ತನ್ನ ಗುಂಪಿನ ಮುಖಗಳು ಚೆನ್ನಾಗಿ ಗೊತ್ತು. ಆದರೆ ಈ ಹಂತ ಮುಗಿಸಿದ ಮೇಲೆ ರಾತ್ರಿಯೇ ಸೇರಿಸುವುದು ಒಳ್ಳೆಯದು, ಮೊದಲ ಜಗಳ ತಪ್ಪುತ್ತದೆ. ರಾತ್ರಿ ಕೂರುವ ಅಡ್ಡಗೋಲು ಐದು ಕೋಳಿಗೆ ನಾಲ್ಕೂವರೆ ಅಡಿಯಾದರೂ ಇರಲಿ. ಬೆಳಕು ಹರಿಯುವ ಹೊತ್ತಿಗೆ ನೀನೇ ಹೋಗಿ ಬಾಗಿಲು ತೆಗೆ. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಕೋಳಿಗೇ ಹೆಚ್ಚು ಪೆಟ್ಟು.

ಮೇವಿನ ಬಟ್ಟಲು ಎರಡು, ನೀರಿನದು ಎರಡು, ಒಂದರಿಂದ ಇನ್ನೊಂದು ಕಾಣದಷ್ಟು ದೂರ ಇಡು. ಒಂದು ಮೂಲೆಗೆ ಹಲಗೆ ಒರಗಿಸು, ಹಿಂದೆ ನುಗ್ಗಿ ಇನ್ನೊಂದು ಕಡೆಯಿಂದ ಓಡುವಂತಿರಲಿ. ಹ್ಯಾಟೆಗಳಿಗೆ ಲೇಯರ್ ಮೇವು, ಅಂದರೆ ಮೊಟ್ಟೆಯಿಡುವ ಕೋಳಿಯ ಮೇವು, ಈಗಲೇ ಬೇಡ, ಅದರ ಸುಣ್ಣದಂಶ ಅವುಗಳ ಮೂತ್ರಪಿಂಡಕ್ಕೆ ಭಾರ. ಮೊದಲ ಮೊಟ್ಟೆ ಬರುವತನಕ ಐದಕ್ಕೂ ಬೆಳೆಯುವ ಕೋಳಿಯ ಗ್ರೋವರ್ ಮೇವು ಹಾಕು, ಚಿಪ್ಪಿನ ಚೂರನ್ನು ಬೇರೆ ಕರಟದಲ್ಲಿಡು. ಬೇಕಾದವು ತಿನ್ನುತ್ತವೆ.

ಕತ್ತಿನ ಪುಕ್ಕ ಎತ್ತುವುದು, ಅಟ್ಟಿಸುವುದು, ತಲೆಗೆ ಕುಟುಕುವುದು ಇದ್ದದ್ದೇ. ಮೂರು ದಿನ ಜೋರಾಗಿದ್ದು ಹತ್ತು ದಿನದಲ್ಲಿ ತಣ್ಣಗಾಗುತ್ತದೆ. ನಡುವೆ ಹೋಗಿ ಬಿಡಿಸುತ್ತಿದ್ದರೆ ತೀರ್ಮಾನವೇ ಆಗುವುದಿಲ್ಲ. ರಕ್ತ ಕಂಡರೆ ಮಾತ್ರ ಆ ಕ್ಷಣವೇ ಎತ್ತಿಕೋ. ಕೆಂಪು ಕಂಡ ಕೋಳಿ ಅಲ್ಲಿಗೇ ಕುಟುಕುತ್ತದೆ, ಕೊಂದೂಬಿಡುತ್ತದೆ. ಒಂದೇ ಕೋಳಿ ಬಿಡದೆ ಕಾಡುತ್ತಿದ್ದರೆ ಪೆಟ್ಟು ತಿಂದದ್ದನ್ನು ಬೇರೆ ಮಾಡಬೇಡ, ಕಾಡುವವಳನ್ನೇ ಮೂರು ನಾಲ್ಕು ದಿನ ಟೆರೇಸಿಗೆ ಕಳಿಸು. ತಿರುಗಿ ಬರುವಾಗ ಅವಳೇ ಹೊಸಬಳು.

ಸಂಜೆ ಅಡ್ಡಗೋಲು ಹತ್ತಿದ ಮೇಲೆ ಎರಡೂ ಹ್ಯಾಟೆಗಳ ಎದೆಯ ಮೇಲಿನ ಮೇವಿನ ಚೀಲ ಮುಟ್ಟಿ ನೋಡು. ದಪ್ಪ ನಿಂಬೆಹಣ್ಣಿನಷ್ಟು ತುಂಬಿದ್ದರೆ ಸರಿ. ಖಾಲಿ ಇದ್ದರೆ ಹಗಲೆಲ್ಲ ಅದನ್ನು ಬಟ್ಟಲ ಹತ್ತಿರ ಬಿಟ್ಟಿಲ್ಲ ಅಂತ ಅರ್ಥ, ಮಾರನೆಯ ದಿನ ಮೂರನೆಯ ಬಟ್ಟಲು ಇಡು.

ಮೆಶ್ ಕೊಳ್ಳುವ ಮುಂಚೆ ಗೂಡಿನ ಸುತ್ತಳತೆ ತೆಗೆದು ನನಗೆ ಹೇಳು, ಅಂಗಳದಲ್ಲಿ ಅಡ್ಡ ಕಟ್ಟುವ ಮೆಶ್‌ನ ಅಳತೆಯನ್ನೂ ಸೇರಿಸಿ.

ನಿನ್ನ ಅಮ್ಮ