ಸತ್ತ ಮೀನು ಎಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕಾರ್ಖಾನೆಯ ನೀರು ಸೇರಿ ಹೊಳೆಯಲ್ಲಿ ಮೀನು ಸತ್ತು ತೇಲಿದ ಫೋಟೊ ಪತ್ರಿಕೆಯಲ್ಲಿ ಬಂದರೆ ನಾಲ್ಕು ದಿನ ಗದ್ದಲವಾಗುತ್ತದೆ. ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಆಮೇಲೆ ಎಲ್ಲ ತಣ್ಣಗೆ. ಸಾಯದೆ ಉಳಿದ ಮೀನು ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಚಿಂತೆ ಅದರದ್ದೇ.

ನಮ್ಮದು ಅಂಬಿಗರ ಮನೆ. ಅಪ್ಪ ಬಲೆ ಹಾಕುತ್ತಿದ್ದ, ಅವ್ವ ಈಳಿಗೆ ಮುಂದೆ ಕೂತು ಮೀನು ಹೆಚ್ಚುತ್ತಿದ್ದಳು. ಹೊಸ ನೀರು ಬರುವ ಹೊತ್ತಿಗೆ ಗೆಂಡೆ ಮೀನಿನ ಹೊಟ್ಟೆ ಸೀಳಿದರೆ ತುಂಬಾ ತತ್ತಿ ಇರಬೇಕು. "ಈ ಸಲ ತತ್ತಿ ಕಮ್ಮಿ" ಎಂದು ಅವ್ವ ಅಂದರೆ ಅಪ್ಪನ ಮುಖ ಸಪ್ಪೆಯಾಗುತ್ತಿತ್ತು. ಮುಂದಿನ ವರ್ಷದ ಮೀನು ಅದೇ ಅಲ್ವಾ? ನಾನು 30 ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದೆ. ಆದರೆ ಹೊಳೆಯ ಆರೋಗ್ಯವನ್ನು ಮೀನಿನ ಹೊಟ್ಟೆಯೊಳಗೆ ನೋಡಬೇಕು ಅಂತ ಕಲಿಸಿದವಳು ಅವ್ವ.

ಕಾಗದ ಮುಂತಾದವಕ್ಕಾಗಿ ಮರ ಬೇಯಿಸಿ ತಿರುಳು ತೆಗೆಯುವ ಕಾರ್ಖಾನೆಯ ಕಂದು ನೀರನ್ನು ಶುದ್ಧ ಮಾಡದೆ ಬಿಟ್ಟರೆ ಹೊಳೆಯ ಆಮ್ಲಜನಕ ಕಡಿಮೆಯಾಗಿ ಮೀನು ಉಸಿರು ಕಟ್ಟಿ ಸಾಯುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಆದರೆ ಮರದಿಂದ ಬರುವ ಬೇರೆ ರಾಸಾಯನಿಕಗಳು ಮೀನನ್ನು ಕೊಲ್ಲದೆಯೂ ಕೆಡಿಸುತ್ತವೆ. ಕೆನಡಾದಲ್ಲಿ ಸುಪೀರಿಯರ್ ಸರೋವರದ ಜ್ಯಾಕ್‌ಫಿಶ್ ಬೇ ಎಂಬ ಜಾಗವಿದೆ. ಅಲ್ಲಿ ತಿರುಳಿನ ಕಾರ್ಖಾನೆಯ ನೀರು ಸೇರುತ್ತಿತ್ತು. 1980ರ ದಶಕದ ಕೊನೆಗೆ ವಿಜ್ಞಾನಿಗಳು ವೈಟ್ ಸಕರ್ ಎಂಬ ಮೀನನ್ನು ಹಿಡಿದು ಸೀಳಿ ನೋಡಿದರು. ಲಿವರ್ ಊದಿತ್ತು, ತತ್ತಿಯ ಚೀಲ ಚಿಕ್ಕದಾಗಿತ್ತು, ರಕ್ತದಲ್ಲಿ ಲೈಂಗಿಕ ಹಾರ್ಮೋನು ಕಡಿಮೆಯಿತ್ತು. ಮೀನು ಪ್ರಾಯಕ್ಕೆ ಬರುವುದೇ ತಡವಾಗಿತ್ತು. 1989ರಲ್ಲಿ ಅಲ್ಲಿ ಇನ್ನೊಂದು ಹಂತದ ಶುದ್ಧೀಕರಣ ಶುರುವಾಯಿತು. ಆ ನೀರು ಮೀನನ್ನು ಕೂಡಲೇ ಕೊಲ್ಲುವುದು ನಿಂತಿತು. ಹಾರ್ಮೋನಿನ ತೊಂದರೆ ಮಾತ್ರ ಆಮೇಲೂ ಉಳಿದಿತ್ತು.

ಅಮೆರಿಕದ ಫ್ಲಾರಿಡಾದ ಫೆನ್‌ಹಾಲೊವೆ ನದಿಯ ಕಥೆ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಕಾರ್ಖಾನೆಯ ಕೆಳಗಿನ ನೀರಿನಲ್ಲಿ ಹೆಣ್ಣು ಸೊಳ್ಳೆಮೀನುಗಳಿಗೆ ಗಂಡು ಮೀನಿನಂಥ ಉದ್ದ ಈಜುರೆಕ್ಕೆ ಬೆಳೆದಿತ್ತು. ಮರದಲ್ಲಿರುವ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಬ್ಯಾಕ್ಟೀರಿಯಾಗಳು ಗಂಡು ಹಾರ್ಮೋನಿನಂಥ ವಸ್ತುವಾಗಿ ಮಾರ್ಪಡಿಸಿರಬೇಕು ಎಂಬುದು ವಿಜ್ಞಾನಿಗಳ ಅನುಮಾನ. ಮಲೇರಿಯಾ ತಡೆಯಲು ನಮ್ಮ ಬಾವಿ, ಕೆರೆಗಳಿಗೆ ಬಿಡುವ ಗ್ಯಾಂಬೂಷಿಯಾ ಇದೆಯಲ್ಲ, ಅದೇ ಬಳಗದ ಮೀನು ಇದು.

ಈಗ ನಮ್ಮ ನಿಯಮ ನೋಡಿ. ಕಾರ್ಖಾನೆಯಿಂದ ಹೊರಬಿಡುವ ನೀರಿನಲ್ಲಿ ಮೀನುಗಳನ್ನು 96 ಗಂಟೆ ಇಡಬೇಕು. ನೂರಕ್ಕೆ ತೊಂಬತ್ತು ಬದುಕಿದ್ದರೆ ಪಾಸು. ಈ ಪರೀಕ್ಷೆ ಬೇಕು, ಬೇಡವೆನ್ನುವುದಿಲ್ಲ. ಆದರೆ ತತ್ತಿ ಕಟ್ಟಲು ಮೀನಿಗೆ ತಿಂಗಳುಗಟ್ಟಲೆ ಬೇಕು. ನಾಲ್ಕು ದಿನದಲ್ಲಿ ಅದರ ಸುದ್ದಿ ಗೊತ್ತಾಗುವುದು ಹೇಗೆ?

ಕೆನಡಾ 1992ರ ನಿಯಮದಲ್ಲಿ ಇದಕ್ಕೆ ದಾರಿ ಮಾಡಿತು. ಕಾರ್ಖಾನೆಗಳು ತಮ್ಮ ನೀರು ಸೇರುವ ಕಡೆಯ ಮೀನನ್ನೂ ಸೇರದ ಕಡೆಯ ಮೀನನ್ನೂ ಹಿಡಿದು ಹೋಲಿಸಿ ನೋಡಬೇಕಾಯಿತು. ವಯಸ್ಸು, ಮೈತೂಕ, ಲಿವರ್ ತೂಕ, ತತ್ತಿಚೀಲದ ತೂಕ. ಇಷ್ಟೇ. ಇದಕ್ಕೆ ಕೋಟಿ ರೂಪಾಯಿ ಯಂತ್ರ ಬೇಡ. ಒಂದು ಚಾಕು, ಒಂದು ಒಳ್ಳೆಯ ತಕ್ಕಡಿ, ನೋಡಲು ಕಲಿತವರು ಇದ್ದರೆ ಸಾಕು.

ನಮ್ಮಲ್ಲೂ ಕಾಳಿ, ತುಂಗಭದ್ರಾ ದಂಡೆಯಲ್ಲಿ ಇಂಥ ಕಾರ್ಖಾನೆಗಳಿವೆ. ಮೀನುಗಾರಿಕೆ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿ ವರ್ಷಕ್ಕೊಮ್ಮೆ ಈ ಕೆಲಸ ಮಾಡಲಿ. ಮೀನು ಹಿಡಿದುಕೊಡುವ ಕೆಲಸವನ್ನು ಅಲ್ಲಿನ ಬಲೆಗಾರರಿಗೇ ಕೂಲಿ ಕೊಟ್ಟು ಒಪ್ಪಿಸಲಿ. ಯಾವ ಮಡುವಿನಲ್ಲಿ ಯಾವ ಮೀನು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ಬಂದ ಲೆಕ್ಕವನ್ನು ಕನ್ನಡದಲ್ಲಿ ಬರೆದು ಮೀನು ಮಾರುಕಟ್ಟೆಯ ಗೋಡೆಗೆ ಅಂಟಿಸಲಿ. ನೋಡಲು ಸರಿಯಾದ ಕಾಲ ಮೇ ಕೊನೆಯ ವಾರ, ಹೊಳೆಗೆ ಹೊಸ ನೀರು ಇಳಿಯುವ ಮುಂಚೆ.

ಇತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ಧಾರವಾಡ