ಶನಿವಾರ ಲೋವೆಲ್ ಕ್ವಿಲ್ಟ್ ಮ್ಯೂಸಿಯಂಗೆ: ಗುರುವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 11ಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ನ ನ್ಯೂ ಇಂಗ್ಲೆಂಡ್ ಕ್ವಿಲ್ಟ್ ಮ್ಯೂಸಿಯಂ ಬಾಗಿಲಲ್ಲಿ ಸೇರೋಣ. ಕ್ವಿಲ್ಟ್ ಅಂದರೆ ನಮ್ಮ ಕೌದಿಯಂಥ, ಪದರ ಸೇರಿಸಿ ಹೊಲಿದ ಹೊದಿಕೆ. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಮಕ್ಕಳು ಎಷ್ಟು ಜನ ಅಂತಲೂ ಬರೆಯಿರಿ.

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ನೋಡೋ ಖುಷಿ ಜಾಸ್ತಿ. ಇದನ್ನು 1987ರಲ್ಲಿ ಶುರು ಮಾಡಿದ್ದು ಈ ಭಾಗದ ಕ್ವಿಲ್ಟ್ ಹೊಲಿಯುವವರ ಸಂಘವೇ. ನನಗೆ ತುಂಬಾ ಹಿಡಿಸಿದ್ದು ಅದು. ಈಗಿನ ಕಟ್ಟಡ 1845ರದ್ದು, ಹಿಂದೆ ಉಳಿತಾಯ ಬ್ಯಾಂಕ್. ಹತ್ತಿ ಗಿರಣಿಗಳ ಊರಲ್ವಾ, ಗಿರಣಿಯಲ್ಲಿ ದುಡಿಯುತ್ತಿದ್ದ ಹಳ್ಳಿ ಹುಡುಗಿಯರು ಆ ಬ್ಯಾಂಕಿನಲ್ಲೇ ಸಂಬಳ ಉಳಿಸುತ್ತಿದ್ದರು. ಆ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು. ದೊಡ್ಡ ಮಕ್ಕಳಿಗೆ ಇದನ್ನು ಮೊದಲೇ ಹೇಳಿ.

ಕ್ವಿಲ್ಟಿನ ಅಂಚನ್ನು ಹತ್ತಿರದಿಂದ ನೋಡಿ. ಮೇಲೆ ತುಂಡು ಬಟ್ಟೆ, ನಡುವೆ ಹತ್ತಿ, ಕೆಳಗೆ ಇನ್ನೊಂದು ಬಟ್ಟೆ, ಮೂರನ್ನೂ ಹಿಡಿದಿರುವ ಸಣ್ಣ ಹೊಲಿಗೆ. ನಮ್ಮ ಕೌದಿಯಲ್ಲಿ ಹತ್ತಿಯ ಬದಲು ಹಳೇ ಸೀರೆಯ ಪದರ.

ಮುಟ್ಟುವುದು ಬೇಡ, ಫ್ಲ್ಯಾಶ್ ಬೇಡ. ಬೆಳಕಿಗೆ ಬಣ್ಣ ಮಾಸುತ್ತದೆ. ಟಿಕೆಟ್ ಅಲ್ಲೇ ಕೊಳ್ಳೋಣ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ದಯವಿಟ್ಟು ಫೋಟೋ ಹಾಕಿ. ಕಾರಿನಲ್ಲಿ ಜಾಗ ಇರುವವರೂ ತಿಳಿಸಿ, ಹಿರಿಯರಿಬ್ಬರನ್ನು ಕರೆತರಬೇಕಿದೆ.