ಕಲಿಕೆಯ ಗಿಟಾರಿನ ದುರಸ್ತಿ: ಬಿಲ್ಲಿನಲ್ಲಿ ಬರೆದದ್ದು ಬೇರೆ, ಒಳಗೆ ಆಗಿದ್ದು ಬೇರೆ

ಇಂದ,
ಗ್ರಾಹಕರು, ಟಿಳಕವಾಡಿ, ಬೆಳಗಾವಿ

ಇವರಿಗೆ,
ವ್ಯವಸ್ಥಾಪಕರು, ವಾದ್ಯ ದುರಸ್ತಿ ವಿಭಾಗ

ವಿಷಯ: ಎಲೆಕ್ಟ್ರಿಕ್ ಗಿಟಾರಿನ ತಪ್ಪು ದುರಸ್ತಿ, ಹಣ ವಾಪಸಾತಿ ಮತ್ತು ಹಳೆಯ ಬಿಡಿಭಾಗಗಳ ಬಗ್ಗೆ

ಮಾನ್ಯರೇ,

ನಿಮ್ಮ ಬೆಳಗಾವಿ ಅಂಗಡಿಯ ಮೂಲಕ ಕಳಿಸಿದ್ದ ಸ್ಟ್ರಾಟ್ ಮಾದರಿಯ ಕಪ್ಪು ಗಿಟಾರು ವಾಪಸ್ ಬಂದಿದೆ. ಬಿಲ್ಲು ₹2,650. ಹೆಡ್‌ಸ್ಟಾಕ್ (ತಂತಿ ಬಿಗಿಯುವ ಕೀಲಿಗಳಿರುವ ತುದಿ) ಬಿರುಕಿಗೆ ₹1,200, ವಾಲ್ಯೂಮ್ ಪಾಟ್‌ಗೆ (ದನಿ ಏರಿಸಿ ಇಳಿಸಲು ತಿರುಗಿಸುವ ಬಿಡಿಭಾಗ) ₹450, ವೈರಿಂಗ್‌ಗೆ ₹400, ಸೆಟಪ್‌ಗೆ (ನುಡಿಸಲು ಹದ ಮಾಡುವುದಕ್ಕೆ) ₹600. ನಾಲ್ಕರಲ್ಲಿ ಒಂದೂ ಸರಿಯಾಗಿಲ್ಲ. ಇದು ಮೊದಲ ಪಾಠಕ್ಕೆಂದು ಕೊಂಡ ಅಗ್ಗದ ಗಿಟಾರು ಎಂಬುದು ನಿಜ. ಆದರೆ ಹೆಡ್‌ಸ್ಟಾಕ್ ಮೇಲೆ ಪೆನ್ನಿನಲ್ಲಿ ಬರೆದ ಹೆಸರೊಂದಿದೆ, ಅದಕ್ಕಾಗಿಯೇ ಹೊಸದು ಕೊಳ್ಳದೆ ದುರಸ್ತಿಗೆ ಕೊಟ್ಟದ್ದು. ನಿಮ್ಮ ಜಾಬ್ ಕಾರ್ಡಿನಲ್ಲೂ ಹಾಗೇ ಬರೆದಿದೆ: ಹೆಸರು ಅಳಿಯಬಾರದು, ಬಿಚ್ಚಿದ ಭಾಗಗಳನ್ನು ವಾಪಸ್ ಕೊಡಬೇಕು.

ಮೊದಲು ಬಿರುಕಿನ ಮಾತು. ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳಿಗೆ, ಅಂದರೆ ಟ್ರಸ್ ರಾಡಿಗೆ, ಅಲೆನ್ ಕೀ ಹಾಕುವ ತೂತಿನ ಪಕ್ಕದಿಂದ ಮರದ ಎಳೆ ಹಿಡಿದು ಸುಮಾರು ಆರು ಸೆಂ.ಮೀ. ಸೀಳಿತ್ತು, ತುಂಡು ಬೇರೆಯಾಗಿರಲಿಲ್ಲ. ಎಳೆಯ ಗುಂಟ ಸೀಳಿದ ಮರ ಕಡಿಮೆ ಖರ್ಚಿನಲ್ಲಿ ಗಟ್ಟಿಯಾಗಿ ಕೂಡುತ್ತದೆ. ಮೊದಲು ತಂತಿಗಳನ್ನೆಲ್ಲ ಬಿಚ್ಚಬೇಕು, ಏಕೆಂದರೆ 9-42ರ (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಸೆಟ್ಟು ಶ್ರುತಿಯಲ್ಲಿದ್ದಾಗ ಕುತ್ತಿಗೆಯ ಮೇಲೆ ಹತ್ತಿರ ಹತ್ತಿರ 38 ಕಿಲೋ ಎಳೆತ ಇರುತ್ತದೆ. ಹೆಡ್‌ಸ್ಟಾಕನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೆ ಸೀಳು ಬಾಯಿ ಬಿಡುತ್ತದೆ. ಆಗ ಮರದ ಫೆವಿಕಾಲನ್ನು ಸಿರಿಂಜಿನಿಂದ ತಳದವರೆಗೆ ಇಳಿಸಬೇಕು. ಎರಡೂ ಬದಿಗೆ ಮರದ ಪಟ್ಟಿ, ನಡುವೆ ಮೇಣದ ಕಾಗದ ಇಟ್ಟು ಕ್ಲಾಂಪ್ ಬಿಗಿದರೆ ಅಂಚಿನುದ್ದಕ್ಕೂ ಅಂಟು ಹನಿಹನಿಯಾಗಿ ಹೊರಬರುತ್ತದೆ. ಬರದಿದ್ದ ಕಡೆ ಒಳಗೆ ಅಂಟು ಮುಟ್ಟಿಲ್ಲ ಎಂದು ಅರ್ಥ. 24 ಗಂಟೆ ಬಿಡಬೇಕು. ಬೆಳಗಾವಿಯ ಮಳೆಗಾಲದ ತೇವದಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಒತ್ತಡವಿಲ್ಲದೆ ಅಂಟು ಹಿಡಿಯದು ಅನ್ನುವುದನ್ನು ಶಹಾಪುರದ ಯಾವ ಬಡಿಗರನ್ನು ಕೇಳಿದರೂ ಹೇಳುತ್ತಾರೆ.

ನಿಮ್ಮಲ್ಲಿ ಮಾಡಿರುವುದು ಇಷ್ಟು: ಸೀಳಿನ ಮೇಲ್ಬಾಯಿಗೆ ಸೂಪರ್ ಗ್ಲೂ, ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಕಪ್ಪು ಬಣ್ಣ. ಮೇಲೆ ಥಳುಕು, ಒಳಗೆ ಹುಳುಕು. ದಪ್ಪ ತಂತಿಗಳನ್ನು ಶ್ರುತಿಗೆ ತರುತ್ತಿದ್ದಂತೆ ಬಣ್ಣದ ಮೇಲೆ ಹಳೆಯ ಗೆರೆಯೇ ಮೂಡುತ್ತದೆ. ಬರೀ ಹಿಡಿಯದೆ ಹೋಗಿದ್ದರೆ ಇಷ್ಟು ಬೇಸರ ಇರುತ್ತಿರಲಿಲ್ಲ. ಸೂಪರ್ ಗ್ಲೂ ಮರದೊಳಗೆ ಇಂಗಿ ಗಟ್ಟಿಯಾದ ಮೇಲೆ ಫೆವಿಕಾಲಿಗೆ ಹಿಡಿದುಕೊಳ್ಳಲು ಬರಿಯ ಮರ ಸಿಗುವುದಿಲ್ಲ. ಅದನ್ನು ಕರಗಿಸಲು ಅಸಿಟೋನ್ ಬೇಕು, ಅಸಿಟೋನ್ ಹರಿದು ತಾಗಿದರೆ ಪೆನ್ನಿನ ಹೆಸರು ಹೋಗುತ್ತದೆ. ಸುಲಭವಾಗಿದ್ದ ಕೆಲಸ ನಿಮ್ಮಿಂದಾಗಿ ಕಷ್ಟದ್ದಾಗಿದೆ.

ಇದರ ಮೇಲೆ ಸೆಟಪ್ ಹೆಸರಿನಲ್ಲಿ ಟ್ರಸ್ ರಾಡನ್ನು ಬಿಗಿದಿದ್ದಾರೆ. ದಪ್ಪ ಇ ತಂತಿಯನ್ನು 1ನೇ ಫ್ರೆಟ್ಟಿಗೂ (ಫ್ರೆಟ್ಟು ಎಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಕುತ್ತಿಗೆ ದೇಹಕ್ಕೆ ಸೇರುವ ಕಡೆಯ ಫ್ರೆಟ್ಟಿಗೂ ಒತ್ತಿ ಹಿಡಿದರೆ ನಡುವೆ, 8ನೇ ಫ್ರೆಟ್ಟಿನ ಹತ್ತಿರ, ಸುಮಾರು 0.25 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಸಣ್ಣ ಇ ತಂತಿಯ ತುಂಡೇ ಸಾಕು, ಅದರ ದಪ್ಪ 0.23 ಮಿ.ಮೀ. ಇಲ್ಲಿ ಆ ತುಂಡು ತೂರುವುದೇ ಇಲ್ಲ, ಮೊದಲ ಮೂರು ನಾಲ್ಕು ಫ್ರೆಟ್ಟುಗಳಲ್ಲಿ ತಂತಿ ಝರ್ ಎನ್ನುತ್ತದೆ. ಈ ಗಿಟಾರಿನಲ್ಲಿ ರಾಡಿನ ಬಿಗಿತ ಬಂದು ಒತ್ತುವುದು ಸರಿಯಾಗಿ ಬಿರುಕಿನ ಬುಡಕ್ಕೆ. ಹೀಗಿರುವಾಗ ಬಿರುಕು ಸರಿಯಾಗಿ ಕೂಡುವ ಮೊದಲು ರಾಡು ಮುಟ್ಟಿದವರಿಗೆ ಏನು ಹೇಳೋಣ?

ಇನ್ನು ಮುಂಭಾಗದ ಪ್ಲಾಸ್ಟಿಕ್ ಹಲಗೆ (ಪಿಕ್‌ಗಾರ್ಡ್) ಬಿಚ್ಚಿದರೆ ವಾಲ್ಯೂಮ್ ಪಾಟ್ ಮೇಲೆ ಬಿ10ಕೆ, ಅಂದರೆ 10 ಕಿಲೋ ಓಮ್, ಎಂದಿದೆ. ಅದು ರೇಡಿಯೋ ಸಾಮಾನಿನ ಅಂಗಡಿಯ ಪಾಟ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಬೇಕಾದದ್ದು 250ಕೆ. ಇಂಥ ಪಿಕಪ್ಪಿನ ಸುರುಳಿಯ ರೋಧವೇ 6-7 ಕಿಲೋ ಓಮ್ ಆಸುಪಾಸು ಇರುತ್ತದೆ, ಸ್ವರ ಮೇಲೇರಿದಷ್ಟೂ ಅದರ ತಡೆ ಇನ್ನೂ ಏರುತ್ತದೆ. ಮುಂದೆ 10ಕೆ ಕೂರಿಸಿದರೆ ಟ್ರೆಬಲ್‌ನ ಬಹುಪಾಲು ಆಂಪ್ಲಿಫಯರ್ ತನಕ ಬರುವುದೇ ಇಲ್ಲ. ದನಿ ಮಂದವಾಗಿ, ಕಂಬಳಿ ಹೊದ್ದಂತೆ ಕೇಳುತ್ತದೆ. ಸರಿಯಾದ ಪಾಟ್ ನೂರಿನ್ನೂರು ರೂಪಾಯಿಗೆ ಸಿಗುವಾಗ ₹450 ಹಾಕಿ ಇದನ್ನು ಕೂರಿಸಿದ್ದು ಯಾಕೆ? ಹಾಗೆ ನೋಡಿದರೆ ಹಳೆಯ ಪಾಟ್ ಬರೀ ಕರಕರ ಎನ್ನುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿದರೆ ಇಂಥವು ಬಹುತೇಕ ಸರಿಹೋಗುತ್ತವೆ.

ವೈರಿಂಗ್ ಮಾಡುವಾಗ ಹಿಂಭಾಗದ ಸ್ಪ್ರಿಂಗ್ ಕ್ಲಾಗೆ (ತಂತಿಗಳು ಕೂರುವ ಬ್ರಿಡ್ಜ್‌ನ ಸ್ಪ್ರಿಂಗುಗಳನ್ನು ಹಿಡಿಯುವ ಲೋಹದ ತುಂಡು) ಹೋಗುವ ಗ್ರೌಂಡ್ ತಂತಿ ಕಿತ್ತು ಬಂದಿದೆ, ಮತ್ತೆ ಬೆಸುಗೆ ಹಾಕಿಲ್ಲ. ಮಲ್ಟಿಮೀಟರಿನಲ್ಲಿ ಬ್ರಿಡ್ಜ್ ಮತ್ತು ಕೇಬಲ್ ಚುಚ್ಚುವ ಜಾಕ್‌ನ ಹೊರಪಟ್ಟಿಯ ನಡುವೆ ಸೊನ್ನೆಯ ಹತ್ತಿರ ಓಮ್ ತೋರಿಸಬೇಕು. ಇಲ್ಲಿ ಸಂಪರ್ಕವೇ ಇಲ್ಲ. ನುಡಿಸುವ ತಂತಿ ಮುಟ್ಟಿದರೂ ಗುಂಯ್ ಸದ್ದು ಇಳಿಯದಿರಲು ಇದೇ ಕಾರಣ. ಕ್ಲಾ ದಪ್ಪ ಲೋಹ, ಬಿಸಿಯನ್ನು ಎಳೆದುಕೊಳ್ಳುತ್ತದೆ. 25 ವ್ಯಾಟಿನ ಐರನ್ ಸಾಲದು, 60 ವ್ಯಾಟಿನದ್ದು ಬೇಕು, ಬೆಸುಗೆ ಹಾಕುವ ಜಾಗವನ್ನು ಮೊದಲು ಉಜ್ಜಿಕೊಳ್ಳಬೇಕು.

ಇದನ್ನೆಲ್ಲ ಕೌಂಟರಿನಲ್ಲಿ ಹೇಳಿದರೆ ಬಂದ ಉತ್ತರ: “ಹೊಸಾದು ತಗೋರಿ ಸರ, ಇದಕ್ಕ ಯಾಕ ರೊಕ್ಕ ಹಾಕ್ತೀರಿ?” ಹಾಗಿದ್ದರೆ ಗಿಟಾರು ತೆಗೆದುಕೊಳ್ಳುವಾಗಲೇ ಆ ಮಾತು ಹೇಳಬೇಕಿತ್ತು, ಬಿಲ್ಲು ಮಾಡಿದ ಮೇಲಲ್ಲ.

ನನ್ನ ಬೇಡಿಕೆ ಹೀಗಿದೆ. ಹೆಡ್‌ಸ್ಟಾಕನ್ನು ನಿಮ್ಮವರು ಮತ್ತೆ ಮುಟ್ಟುವುದು ಬೇಡ. ಅದರ ₹1,200 ಮತ್ತು ಸೆಟಪ್‌ನ ₹600 ವಾಪಸ್ ಮಾಡಿ. 250ಕೆ ಪಾಟ್ ಮತ್ತು ಗ್ರೌಂಡ್ ತಂತಿಯ ಕೆಲಸವನ್ನು ಬೆಳಗಾವಿಯಲ್ಲೇ, ನನ್ನ ಎದುರಿಗೆ, ಉಚಿತವಾಗಿ ಮಾಡಿಕೊಡಿ. ಗಿಟಾರು ಮತ್ತೆ ಕೊರಿಯರ್ ಹತ್ತುವುದಿಲ್ಲ. ಹಳೆಯ ಪಾಟ್ ಮತ್ತು ಅದರ ಗುಂಡಿ ನಿಮ್ಮಲ್ಲೇ ಇವೆ. ಗುಂಡಿಯ ಅಂಕಿಗಳು ಸವೆದಿದ್ದರೂ ಅದೇ ಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಎಂದು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಮುಖ್ಯ ಕಚೇರಿ ಬೇರೆ ಊರಿನಲ್ಲಿದ್ದರೂ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಇಂತಿ,
ಗ್ರಾಹಕ (ಸಹಿ)

ಲಗತ್ತು: ಬಿಲ್ಲು ಮತ್ತು ಜಾಬ್ ಕಾರ್ಡಿನ ನಕಲು, ಬಿರುಕು, ಪಾಟ್ ಹಾಗೂ ಕಿತ್ತ ಗ್ರೌಂಡ್ ತಂತಿಯ ಫೋಟೊಗಳು